ಯಾರ ಕೈ ಬಂತು

ನಮ್ಮ ಊರಿನಲ್ಲಿ ಯಾರಾದರೂ ಹೊಸದೇನಾದರೂ ಕೊಂಡು ಮನೆಗೆ ತಂದರೆ, ಎಷ್ಟು ಬಿತ್ತು ಎಂದು ಯಾರೂ ಕೇಳುವುದಿಲ್ಲ. ಯಾರ ಕೈ ಬಂತು ಎಂದು ಕೇಳುತ್ತಾರೆ. ಅಜ್ಜಿಯ ಕೈ ಎಂದರೆ ಓಹೋ ಎನ್ನುತ್ತಾರೆ. ಚಿಕ್ಕಪ್ಪನ ಕೈ ಎಂದರೆ, ಬದುಕಿದ್ದಾಗಲೇ ಅವನಿಗೆ ಬಾಯಿ ಇರಲಿಲ್ಲ, ಸತ್ತ ಮೇಲೆ ಎಷ್ಟು ತಾನೇ ಇಳಿಸಿಯಾನು ಎಂದು ನಗುತ್ತಾರೆ.

ಸೊಪ್ಪು, ಸಕ್ಕರೆ, ಬೆಂಕಿಪೆಟ್ಟಿಗೆಗೆಲ್ಲ ಹೇಳಿದಷ್ಟು ಕೊಟ್ಟು ಬರುತ್ತೇವೆ. ಕೊಡೆ, ಚಪ್ಪಲಿಯಿಂದ ಹಿಡಿದು ಬಾಳಿಕೆಯ ಸಾಮಾನಿಗೆಲ್ಲ ಚೌಕಾಸಿ, ಚೌಕಾಸಿಗೆ ಕಂಬಳಿ. ಅಂಗಡಿಯ ಮೇಜಿನ ಮೇಲೆ ಕರಿ ಕಂಬಳಿಯ ತುಂಡೊಂದು ಹಾಸಿರುತ್ತದೆ. ಕೊಳ್ಳುವವರು ಬಲಗೈಯನ್ನು ಅದರ ಕೆಳಗೆ ತೂರಿಸಬೇಕು. ಅಂಗಡಿಯವನು ತನ್ನ ಎರಡೂ ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಜಿನ ಅಂಚಿನಲ್ಲಿ ಇಟ್ಟುಕೊಂಡು ಕೂರುತ್ತಾನೆ. ಸ್ವಲ್ಪ ಹೊತ್ತಿಗೆ ಕಂಬಳಿ ಉಬ್ಬುತ್ತದೆ. ಒಂದು ಕೈ ಬಂದು ನಮ್ಮ ಕೈ ಹಿಡಿಯುತ್ತದೆ. ಅದು ನಮ್ಮ ಮನೆಯಿಂದ ಹೋದವರ ಕೈ. ಮುಂದಿನದೆಲ್ಲ ಬೆರಳಿನಲ್ಲೇ. ವಾಹನದ ವ್ಯಾಪಾರವಾದರೆ ಬೆರಳೊಂದಕ್ಕೆ ಲಕ್ಷ, ಗೆಣ್ಣು ಒತ್ತಿದರೆ ಹತ್ತು ಸಾವಿರ. ಬೆಲೆ ಒಪ್ಪಿಗೆಯಾದರೆ ನಾವು ಹೆಬ್ಬೆರಳನ್ನು ಆ ಅಂಗೈಯ ನಡುವೆ ಒತ್ತುತ್ತೇವೆ. ಒತ್ತಿದೊಡನೆ ಕೈ ಬಿಡುತ್ತದೆ, ಕಂಬಳಿ ಮಟ್ಟಸವಾಗಿ ಇಳಿಯುತ್ತದೆ. ಆಮೇಲೆ ಬೆಲೆಯನ್ನು ಬಾಯಿಬಿಟ್ಟು ಹೇಳಬೇಕು. ಸುಳ್ಳು ಹೇಳಿದರೆ ಕಂಬಳಿ ಮತ್ತೆ ಏಳುತ್ತದೆ. ಹಾಗೆ ಎದ್ದದ್ದನ್ನು ನಾನು ಚಿಕ್ಕವನಿದ್ದಾಗ ಒಮ್ಮೆ ಒಂದು ಪಾತ್ರೆ ಅಂಗಡಿಯಲ್ಲಿ ನೋಡಿದ್ದೇನೆ. ಆ ಅಂಗಡಿ ಇದ್ದ ಜಾಗದಲ್ಲಿ ಈಗಲೂ ಯಾರೂ ಏನನ್ನೂ ಕಟ್ಟಿಲ್ಲ.

ಒಮ್ಮೆ ಬೆಲೆ ಮುಗಿಸಿ ಹೋದ ಕೈ ಆ ಮನೆಯವರಿಗೆ ಮತ್ತೆ ಸಿಗುವುದಿಲ್ಲ. ತೀರಿಹೋದ ಒಬ್ಬೊಬ್ಬರ ಕೈ ಮನೆಗೆ ಒಂದೇ ಸಲ. ವ್ಯಾಪಾರ ಮುರಿದು ಎದ್ದು ಬಂದರೆ ಮಾತ್ರ ಇನ್ನೊಂದು ದಿನ ಅದೇ ಕೈ ಬರುತ್ತದೆ. ಅಂಚೆ ಕಚೇರಿಯಲ್ಲಿದ್ದ ಪುಟ್ಟಮಲ್ಲಯ್ಯ ಆರು ವರ್ಷದಿಂದ ಒಂದೇ ಕೊಡೆಗೆ ಚೌಕಾಸಿ ಮಾಡುತ್ತಿದ್ದಾರೆ. ಹೆಂಡತಿಯ ಕೈ ಬರುತ್ತದೆ. ಕೊಡೆಯಂಗಡಿಯವನು ಅವರಿಗೆಂದೇ ಒಂದು ಸ್ಟೂಲು ಹಾಕಿಸಿದ್ದಾನೆ. ಮಳೆಗಾಲದಲ್ಲಿ ಪುಟ್ಟಮಲ್ಲಯ್ಯ ನೆನೆದುಕೊಂಡೇ ಅಂಗಡಿಗೆ ಹೋಗುತ್ತಾರೆ, ನೆನೆದುಕೊಂಡೇ ಬರುತ್ತಾರೆ.

ನನಗೆ ಅಷ್ಟು ಧೈರ್ಯವಿರಲಿಲ್ಲ. ನನ್ನ ಹೆಂಡತಿ ಅಂಬುಜ ಹೋಗಿ ನಾಲ್ಕು ವರ್ಷ. ಆ ನಾಲ್ಕು ವರ್ಷದಲ್ಲಿ ನಾನು ಕಂಬಳಿಯ ಹತ್ತಿರ ಸುಳಿಯಲಿಲ್ಲ. ಕೈ ಹಿಡಿದ ಸಂಭ್ರಮದಲ್ಲಿ ಹೆಬ್ಬೆರಳು ಒತ್ತಿಬಿಟ್ಟರೆ? ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹಾಗೇ ನನ್ನ ಅಪ್ಪನ ಕೈಯನ್ನು ಒಂದು ಸೈಕಲ್ಲಿಗೆ ಕಳೆದುಕೊಂಡಿದ್ದೆ. ನಲವತ್ತು ರೂಪಾಯಿ ಇಳಿದಿತ್ತು. ಅಮ್ಮನ ಕೈ ಈಗಿರುವ ಮನೆ ಕೊಳ್ಳುವಾಗ ಹೋಯಿತು. ಇನ್ನು ಉಳಿದದ್ದು ಅಂಬುಜ ಒಬ್ಬಳೇ. ಅವಳ ಕೈ ಅಲ್ಲೆಲ್ಲೋ ಭದ್ರವಾಗಿದೆ ಎಂಬ ನೆಚ್ಚಿಕೆಯಲ್ಲಿ ನಾನು ಬೆಳಗ್ಗೆ ಏಳುತ್ತಿದ್ದೆ. ಹೊಸ ಮಂಚ ಬೇಡ, ಹೊಸ ಫ್ಯಾನು ಬೇಡ. "ಅಪ್ಪನ ಚಪ್ಪಲೀಲಿ ಚಪ್ಪಲಿ ಎಷ್ಟು, ಹೊಲಿಗೆ ಎಷ್ಟು ಅಂತ ಲೆಕ್ಕ ಹಾಕಬೇಕು" ಎಂದು ಮಗಳು ಹೇಮಾ ಆಡಿಕೊಳ್ಳುತ್ತಿದ್ದಳು.

ನಮ್ಮ ಅಪ್ಪ ಕಾವ್ಯ ಓದುತ್ತಿದ್ದವರು. ಶನಿವಾರ ಸಂಜೆ ಮಠದ ಹಜಾರದಲ್ಲಿ ಅವರ ವಾಚನ. ನಾನು ಐದು ವರ್ಷದವನಿದ್ದಾಗಿನಿಂದ ಅವರ ಎದುರು ಕುಳಿತು ಹೂಂಗುಟ್ಟುತ್ತಿದ್ದೆ. ಪದ್ಯ ಮುಗಿದೊಡನೆ ಒಂದು ಹೂಂ. ಅರ್ಥವಾಗಲಿ ಬಿಡಲಿ, ಹೂಂ. "ಹೂಂ ನಿಂತರೆ ಓದುವವನು ಕಾಡಿನಲ್ಲಿ ಒಬ್ಬನೇ ಆಗಿಬಿಡುತ್ತಾನೆ ಕಣೋ" ಎನ್ನುತ್ತಿದ್ದರು. ಓದುವ ಕಂಠ ನನಗೆ ಬರಲಿಲ್ಲ. ಕೇಳುವ ಕಿವಿಯಷ್ಟೇ ಬಂತು. ಅಂಬುಜ ಹೋದ ಮೇಲೆ ಅದೂ ಎರಡೇ ತಿಂಗಳಲ್ಲಿ ಮಂದವಾಗಿ, ಒಂದು ಶನಿವಾರ ಮಠದ ಈಗಿನ ವಾಚಕರ ತುಟಿ ಮಾತ್ರ ಕಂಡಿತು, ಪದ್ಯ ಕೇಳಲಿಲ್ಲ. ಎಲ್ಲಿ ಹೂಂ ಎನ್ನಬೇಕೋ ತಿಳಿಯದೆ ಮಧ್ಯದಲ್ಲೇ ಎದ್ದು ಬಂದೆ. ಆಗ ಹೇಮಾ ಯಾವುದೋ ಟ್ರಸ್ಟಿನ ಶಿಬಿರದಲ್ಲಿ ಪುಕ್ಕಟೆ ಕೊಟ್ಟರೆಂದು ಕಿವಿಯ ಹಿಂದೆ ಇಡುವ ಯಂತ್ರವೊಂದನ್ನು ತಂದುಕೊಟ್ಟಳು. ಪುಕ್ಕಟೆ ಬಂದದ್ದು ಎಂದು ನಾನು ಅದನ್ನು ಆಗಾಗ ಬೈಯುತ್ತಿದ್ದುದೂ ಉಂಟು.

ಹೇಮಾಳಿಗೆ ಮೂವತ್ತೊಂದು. ಬೇರೆಯವರ ವ್ಯಾನು ಓಡಿಸಿ ಸಂಬಳ ತರುತ್ತಿದ್ದಳು. ಈ ವರ್ಷ ಅಗರಬತ್ತಿ ಕಾರ್ಖಾನೆಯವರು, ಏಳು ಜನ ಹೆಂಗಸರನ್ನು ದಿನಾ ಕರೆತಂದು ಬಿಡುವ ಕೆಲಸ ನಿನಗೇ ಕೊಡುತ್ತೇವೆ, ಆದರೆ ಗಾಡಿ ನಿನ್ನದಾಗಿರಬೇಕು, ಹೊಸದಾಗಿರಬೇಕು, ಒಂದನೇ ತಾರೀಕಿಗೆ ಬಾಗಿಲಲ್ಲಿ ನಿಂತಿರಬೇಕು ಎಂದರು. ಬ್ಯಾಂಕಿನ ಸಾಲ, ಅವಳ ಉಳಿತಾಯ, ಅಂಬುಜಳ ಎರಡು ಬಳೆ ಎಲ್ಲ ಸೇರಿ ಆರು ಲಕ್ಷ ತೊಂಬತ್ತು ಸಾವಿರ. ಎಂಟು ಸೀಟಿನ ಮಿನಿವ್ಯಾನಿಗೆ ಬೋರ್ಡಿನ ಬೆಲೆ ಎಂಟು ಲಕ್ಷ ನಲವತ್ತು.

ಮೊದಲ ಶೋರೂಮಿನಿಂದ ಅವಳು ಸಿಡುಕಿಕೊಂಡು ಬಂದಳು. "ಮ್ಯಾಟ್ ಫ್ರೀ, ಸೀಟ್ ಕವರ್ ಫ್ರೀ ಅಂತ ನಗ್ತಾ ನಗ್ತಾ ಹೇಳಿದ. ಕೊನೇಲಿ ಹ್ಯಾಂಡ್ಲಿಂಗ್ ಚಾರ್ಜು ಅಂತ ಹದಿನೈದು ಸಾವಿರ ಬರೆದ. ಏನ್ರೀ, ಹೊತ್ಕೊಂಡು ಬಂದು ನಮ್ಮನೆ ಬಾಗಿಲಲ್ಲಿ ಇಳಿಸ್ತೀರಾ ಅಂತ ಕೇಳಿದೆ."

"ಕಂಬಳಿ?"

"ಇಟ್ಟೆ. ಎಂಟು ಇಪ್ಪತ್ತಕ್ಕಿಂತ ಕೆಳಗೆ ಇಳೀಲಿಲ್ಲ. ಮುರ್ಕೊಂಡು ಬಂದೆ."

"ಯಾರ ಕೈ ಬಂತು?"

ಅವಳು ಚಹದ ಲೋಟವನ್ನು ಎಡಗೈಯಿಂದ ಎತ್ತಿಕೊಂಡಳು. "ಯಾರೋ" ಎಂದಳು.

ಎರಡನೆಯ ಶೋರೂಮಿನಲ್ಲಿ ಎಂಟು ಹತ್ತು. ಅಲ್ಲೂ "ಯಾರೋ". ಅವತ್ತು ಅವಳು ಬಲಗೈಯನ್ನು ದುಪಟ್ಟಾದೊಳಗೆ ಇಟ್ಟುಕೊಂಡೇ ಇದ್ದಳು. ಊಟಕ್ಕೆ ಕೂತಾಗ ಕಿರುಬೆರಳು ಸುಣ್ಣದ ಹಾಗೆ ಬೆಳ್ಳಗಿರುವುದು ಕಂಡಿತು. ಅನ್ನ ಕಲಸುವಾಗ ಅದು ಬಾಗುತ್ತಿರಲಿಲ್ಲ.

ನನಗೆ ಗೊತ್ತಾಗಬೇಕಿತ್ತು. ಯಾರ ಕೈಯೂ ಉಳಿಯದ ಮನೆಯವರು ಕೈ ಇಟ್ಟರೂ ಕಂಬಳಿ ಉಬ್ಬುತ್ತದೆ. ಆಗ ಬರುವುದು ದಿಕ್ಕಿಲ್ಲದವರ ಕೈ. ಅದಕ್ಕೆ ನಮ್ಮ ಮೇಲೆ ದಾಕ್ಷಿಣ್ಯವಿಲ್ಲ, ಬೆಲೆಯ ಮೇಲೆ ಗಮನವಿಲ್ಲ. ಅದು ಸುಮ್ಮನೆ ಹಿಡಿದುಕೊಳ್ಳುತ್ತದೆ. ನಮ್ಮ ಊರಿನವರು ಊಟದ ಹೊತ್ತಿನಲ್ಲಿ ಅದರ ಮಾತು ತೆಗೆಯುವುದಿಲ್ಲ. ಇದೆಲ್ಲ ತಿಳಿದಿದ್ದೂ ನಾನು ಬೇರೆಯೇ ಯೋಚಿಸಿದೆ. ಅಂಬುಜ ನನಗಾಗಿ ಕಾಯುತ್ತಿದ್ದಾಳೆ, ಅದಕ್ಕೇ ಮಗಳಿಗೆ ಬರುತ್ತಿಲ್ಲ, ನಾನೇ ಕರೆಯಬೇಕು ಎಂದುಕೊಂಡೆ. ಹಾಗೆ ಅಂದುಕೊಳ್ಳುವಾಗ ಒಳಗೆ ಸ್ವಲ್ಪ ಹೆಮ್ಮೆಯೂ ಆಯಿತು. ದೇವರ ಮುಂದೆ ಬಹಳ ಹೊತ್ತು ಕುಳಿತೆ. ಎದ್ದಾಗ ತೀರ್ಮಾನವಾಗಿತ್ತು. ಮಗಳ ಕೈ ಸುಣ್ಣವಾಗುತ್ತಿರುವಾಗ ಹೆಂಡತಿಯ ಕೈಯನ್ನು ಬಚ್ಚಿಟ್ಟುಕೊಂಡು ನಾನು ಮಾಡುವುದೇನು?

"ನಾಳೆ ನಾನೂ ಬರ್ತೀನಿ" ಎಂದೆ.

"ನೀನ್ಯಾಕಪ್ಪ? ಬಿಸಿಲು. ನಾನೇ ನೋಡ್ಕೋತೀನಿ."

"ಬರ್ತೀನಿ ಅಂದೆ."

ಮೂರನೆಯ ಶೋರೂಮು ಗುರುಶಾಂತಪ್ಪನವರದು. ನಡುಹಗಲು. ಗಾಜಿನ ಗೋಡೆಯ ಒಳಗೆ ಹನ್ನೆರಡು ಬಿಳಿ ವ್ಯಾನುಗಳು ಸಾಲಾಗಿ ನಿಂತಿದ್ದವು, ಒಂದೊಂದರ ಕನ್ನಡಿಗೂ ಬಾಡದ ಪ್ಲಾಸ್ಟಿಕ್ ಹಾರ. ಒಳಗೆ ಕಾಲಿಟ್ಟೊಡನೆ ರಸ್ತೆಯ ಸದ್ದು ನಿಂತಿತು. ಕಿವಿಯ ಯಂತ್ರ ಕೆಟ್ಟಿತೇನೋ ಎಂದು ಮುಟ್ಟಿ ನೋಡಿಕೊಂಡೆ. ಕೆಟ್ಟಿರಲಿಲ್ಲ.

ಗುರುಶಾಂತಪ್ಪ ದಪ್ಪ ಮನುಷ್ಯ, ಹಣೆಯಲ್ಲಿ ವಿಭೂತಿ. ಹೇಮಾ ಇಬ್ಬರು ಡೀಲರುಗಳ ಚೀಟಿಗಳನ್ನು ಅವರ ಮುಂದೆ ಹರಡಿದಳು. ಅವರು ಕನ್ನಡಕದ ಮೇಲಿಂದ ನೋಡಿ, "ಅವರದು ಓದಿದೆನಮ್ಮ, ನಮ್ಮದೂ ಅಷ್ಟೇ. ಇನ್ಶೂರೆನ್ಸಿನಲ್ಲಿ ಅವರು ಸೇರಿಸಿರೋದನ್ನ ನಾನು ಬಿಡ್ತೀನಿ. ಅದೇ ಹನ್ನೊಂದು ಸಾವಿರ ಉಳೀತು. ಮಿಕ್ಕಿದ್ದು ಕಂಬಳಿಗೆ ಬಿಟ್ಟಿದ್ದು" ಎಂದರು.

"ಹ್ಯಾಂಡ್ಲಿಂಗು?"

"ನಾನು ಹೊರೋದಿಲ್ಲ ತಾಯಿ, ನೀನೇ ಓಡಿಸ್ಕೊಂಡು ಹೋಗು."

ಹೇಮಾ ನಕ್ಕಳು. ನಗುತ್ತಲೇ ತೋಳು ಮಡಿಸಿ ಕಂಬಳಿಯ ಕಡೆಗೆ ಬಗ್ಗಿದಳು. ನಾನು ಅವಳ ಮೊಣಕೈಯನ್ನು ಪಕ್ಕಕ್ಕೆ ಸರಿಸಿ ನನ್ನ ಕೈಯನ್ನು ಒಳಗೆ ತೂರಿಸಿದೆ.

"ಅಪ್ಪ, ಬೇಡ! ತೆಗಿ!"

"ನಿನ್ನಮ್ಮ ನನ್ನ ಮಾತು ಕೇಳ್ತಾಳೆ, ಸುಮ್ಮನಿರು."

"ಅಪ್ಪ, ಅಮ್ಮ..." ಎಂದವಳು ಅಲ್ಲಿಗೇ ನಿಂತಳು. ಕಂಬಳಿ ಉಬ್ಬತೊಡಗಿತ್ತು. ಉಬ್ಬುವಾಗ ಯಾರೂ ಮಾತನಾಡುವುದಿಲ್ಲ.

ಕಂಬಳಿಯ ಬಾಯಿಂದ ಹಾಳುಬಾವಿಯ ತಣ್ಣನೆ ಗಾಳಿ ಬಂತು. ನಾನು ಕಾದೆ. ಅಂಬುಜಳ ಹೆಬ್ಬೆರಳಿನಲ್ಲಿ ಈಳಿಗೆಮಣೆ ತಗುಲಿದ ಒಂದು ಗೆರೆ ಇತ್ತು. ಮೊದಲು ಅದನ್ನೇ ಹುಡುಕಬೇಕು ಎಂದುಕೊಂಡಿದ್ದೆ. ಕೈ ಬಂತು. ನನ್ನ ಬೆರಳುಗಳನ್ನು ಒಂದೊಂದಾಗಿ ತಡವಿತು. ನಾನೂ ತಡವಿದೆ. ಹೆಬ್ಬೆರಳಿನಲ್ಲಿ ಗೆರೆ ಇರಲಿಲ್ಲ. ಅಂಗೈಯಲ್ಲೂ ಗೆರೆ ಇರಲಿಲ್ಲ. ಒಂದು ರೇಖೆಯೂ ಇಲ್ಲದೆ ಒದ್ದೆ ಸ್ಲೇಟಿನ ಹಾಗೆ ನುಣ್ಣಗಿತ್ತು. ಅದು ಅಂಬುಜ ಅಲ್ಲ. ನಮ್ಮ ಮನೆಯ ಯಾರೂ ಅಲ್ಲ.

ಗುರುಶಾಂತಪ್ಪ ನನ್ನ ಮುಖ ನೋಡಿದರು. "ನಿಮ್ಮನೇಲಿ ಯಾರ ಕೈಯೂ ಉಳಿದಿಲ್ಲ ಅಂತ ಕಾಣುತ್ತೆ ಸ್ವಾಮಿ" ಎಂದರು, ತೀರ ಮೆಲ್ಲಗೆ. "ಎಳೀಬೇಡಿ. ಎಳೆದ್ರೆ ಬಿಡಲ್ಲ."

ನಾನು ಹೇಮಾಳ ಕಡೆ ತಿರುಗಿದೆ. ಅವಳು ತಲೆ ತಗ್ಗಿಸಿದ್ದಳು. ಅಷ್ಟರಲ್ಲಿ ಆ ಕೈ ನನ್ನ ಐದೂ ಬೆರಳುಗಳನ್ನು ಒಟ್ಟಿಗೆ ಹಿಡಿದು ಹಿಂಡಿತು. ಬಿಟ್ಟು ಮೂರು ಹಿಡಿಯಿತು. ಎಂಟು. ಮತ್ತೆ ಐದು, ಮತ್ತೆ ನಾಲ್ಕು. ಒಂಬತ್ತು. ಬೆರಳ ತುದಿಯಿಂದ ಚಳಿ ಹತ್ತಿ ಮಣಿಕಟ್ಟಿಗೆ ಬಂತು. ಅದು ಬೆಲೆ ಹೇಳುತ್ತಿದೆಯೆಂದು ನನಗೆ ಅನ್ನಿಸಲಿಲ್ಲ. ಐದು, ಎರಡು, ಒಂದು ಗೆಣ್ಣು, ಎರಡು ಗೆಣ್ಣು, ಒಂದು ತಡೆ, ಮತ್ತೆ ಐದು. ವಾಚನ ಕೇಳಿ ಬೆಳೆದವನಿಗೆ ಆ ತಡೆ ಗೊತ್ತು. ಓದುವವನು ಪದ್ಯ ಮುಗಿಸಿ ಉಸಿರು ಹಿಡಿದು ಎದುರಿಗಿರುವವನಿಗಾಗಿ ನಿಲ್ಲುವ ತಡೆ ಅದು.

"ಹೂಂ" ಎಂದೆ.

"ಅಪ್ಪ! ಒಂಬತ್ತು ಲಕ್ಷಕ್ಕೆ ಹೂಂ ಅನ್ಬೇಡ!" ಹೇಮಾ ಚೀರಿದಳು.

"ಹೆಬ್ಬೆರಳು ಒತ್ತಿಲ್ಲ ಬಿಡಮ್ಮ" ಎಂದರು ಗುರುಶಾಂತಪ್ಪ. ಅವರ ಹಣೆಯ ವಿಭೂತಿ ಬೆವರಿನಲ್ಲಿ ಕರಗುತ್ತಿತ್ತು. "ಆದ್ರೂ ಸ್ವಾಮಿ, ಅದರ ಜೊತೆ ಮಾತಾಡಬಾರದು. ಯಾರೂ ಮಾತಾಡಲ್ಲ."

ಯಾರೂ ಮಾತಾಡುವುದಿಲ್ಲ. ಅದೇ ಇರಬೇಕು. ಆ ಕೈ ಒಂದು ಕ್ಷಣ ಕದಲಲಿಲ್ಲ. ಆಮೇಲೆ ಅವಸರ ಅವಸರವಾಗಿ, ಬಹಳ ದಿನ ಬಾಯಿ ಕಟ್ಟಿಕೊಂಡಿದ್ದವರು ಮಾತಿಗೆ ತೊಡಗುವ ಹಾಗೆ, ಒತ್ತುತ್ತ ಹಿಡಿಯುತ್ತ ಹೋಯಿತು. ಒಂದು ಬೆರಳನ್ನು ತುಂಬ ಹೊತ್ತು ಹಿಡಿದುಕೊಂಡಿತು. ಅದರ ಪಕ್ಕಕ್ಕೆ ಇನ್ನೊಂದು ಸೇರಿಸಿತು. ಆಮೇಲೆ ಕಿರುಬೆರಳನ್ನು ಮೆಲ್ಲಗೆ ಸವರಿ, ಸವರಿ, ತಟ್ಟನೆ ಬಿಟ್ಟುಬಿಟ್ಟಿತು. ಅದು ಯಾರ ಕಥೆ, ಎಷ್ಟು ಜನರದು, ಎಲ್ಲಿಯದು ನನಗೆ ಒಂದೂ ತಿಳಿಯಲಿಲ್ಲ. ತಡೆ ಬಂದಾಗಲೆಲ್ಲ ಹೂಂ ಎಂದೆ. ಹನ್ನೆರಡು ವ್ಯಾನುಗಳ ಗಾಜುಗಳೂ ಒಳಗಿನಿಂದ ಮಂಜುಗಟ್ಟಿದವು. ಚಹಾ ತಂದ ಹೆಂಗಸು ತಟ್ಟೆ ಹಿಡಿದುಕೊಂಡೇ ಗೋಡೆಗೆ ಆತು ನಿಂತಳು. ಮೊಣಕೈವರೆಗೆ ನನ್ನ ಕೈ ನನ್ನದಲ್ಲದಂತಾಯಿತು. ಹೂಂ ಮಾತ್ರ ನಿಲ್ಲಿಸಲಿಲ್ಲ.

ಎಷ್ಟು ಹೊತ್ತಾಯಿತೋ. ಹಿಡಿತ ಸಡಿಲವಾಯಿತು. ಕೈ ನನ್ನ ಅಂಗೈಯಲ್ಲಿ ಅಂಗಾತ ಮಲಗಿತು. ತನ್ನದು ಮುಗಿಯಿತು, ಇನ್ನು ನೀನು ಹೇಳು ಎನ್ನುವಂತೆ.

ನಾನು ಅದರ ಐದು ಬೆರಳು ಹಿಡಿದೆ. ಬಿಟ್ಟು ಒಂದು ಹಿಡಿದೆ. ಒಂಬತ್ತು ಗೆಣ್ಣು ಒತ್ತಿದೆ. ನಮ್ಮಲ್ಲಿ ಇರುವುದೇ ಇಷ್ಟು.

ಅದು ಬೆಲೆ ಏರಿಸಲಿಲ್ಲ. ಒತ್ತಿದ ಗೆಣ್ಣುಗಳಲ್ಲಿ ಒಂದನ್ನು ತಾನೇ ಮಡಿಸಿತು. ಆರು ಎಂಬತ್ತು. ಇನ್ನೊಂದು ಮಡಿಸಿತು. ಆರು ಎಪ್ಪತ್ತು. ಮಡಿಸಿದ ಹಾಗೆಲ್ಲ ಆ ಕೈ ತೆಳ್ಳಗಾಗುತ್ತಿತ್ತು, ಚರ್ಮದೊಳಗಿನ ಎಲುಬು ಬತ್ತಿ ಕಡ್ಡಿಯಾಗುತ್ತಿತ್ತು. ಸುಮ್ಮನಿದ್ದರೆ ಐದಕ್ಕೂ ಇಳಿಯುತ್ತಿತ್ತು, ನಾಲ್ಕಕ್ಕೂ. ಒಂದು ಕ್ಷಣ, ಅಂಬುಜಳ ಬಳೆ ಉಳಿಯುತ್ತದಲ್ಲ ಎಂಬ ಆಸೆ ಬಂತು. ಸುಳ್ಳು ಹೇಳುವುದಿಲ್ಲ, ಬಂತು. ಆದರೆ ಒಮ್ಮೆ ಹೇಳಿದ ಬೆಲೆಯನ್ನು ಕೊಡಬೇಕು. ಕಥೆ ಕೇಳಿದ್ದಕ್ಕೆ ಕೂಲಿ ತೆಗೆದುಕೊಂಡು ನಮ್ಮಪ್ಪನ ಮಗನಿಗೆ ಅಭ್ಯಾಸವಿಲ್ಲ. ಮಡಿಸಿದ ಎರಡು ಗೆಣ್ಣುಗಳನ್ನು ನಾನೇ ಬಿಡಿಸಿ, ಮತ್ತೆ ಒಂಬತ್ತು ಒತ್ತಿ, ಆ ಗೆರೆಯಿಲ್ಲದ ಅಂಗೈಯ ನಡುವೆ ಹೆಬ್ಬೆರಳು ಇಟ್ಟೆ.

ಬಿಡುವ ಮೊದಲು ಅದು ಒಮ್ಮೆ ಹಿಡಿಯಿತು. ನೋಯುವ ಹಾಗೆ ಅಲ್ಲ. ಕಂಬಳಿ ಇಳಿಯಿತು.

"ಆರು ಲಕ್ಷ ತೊಂಬತ್ತು ಸಾವಿರ" ಎಂದೆ. ಎಲ್ಲರೂ ಕಂಬಳಿಯನ್ನು ನೋಡಿದೆವು. ಅದು ಏಳಲಿಲ್ಲ.

ಗುರುಶಾಂತಪ್ಪ ಉಸಿರು ಬಿಟ್ಟು ಹಣೆ ಒರೆಸಿಕೊಂಡರು. "ಲಾಭ ಇಲ್ಲ, ನಷ್ಟವೂ ಇಲ್ಲ. ನ್ಯಾಯವಾದ ಬೆಲೆ" ಎಂದು ಪುಸ್ತಕ ಎಳೆದುಕೊಂಡರು. ಊರಿನ ವಾಡಿಕೆ ಬಾಯಿಂದ ತಾನಾಗಿ ಬಂದುಬಿಟ್ಟಿತು: "ಯಾರ ಕೈ..." ಎಂದವರು ನಾಲಿಗೆ ಕಚ್ಚಿಕೊಂಡರು.

ಕಾಗದಪತ್ರ ಆಗುವವರೆಗೆ ಗಾಡಿಯಲ್ಲೇ ಕೂತಿರಿ ಎಂದರು. ಹೊಸ ಸೀಟಿಗೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಇತ್ತು, ಕದಲಿದರೆ ಕರಕರ ಎನ್ನುತ್ತಿತ್ತು. ಹೇಮಾ ಸ್ಟೇರಿಂಗ್ ಹಿಡಿದು ಕುಳಿತಳು. ನಾನು ಪಕ್ಕದಲ್ಲಿ. ಜೋಮು ಹಿಡಿದ ಕೈ ತೊಡೆಯ ಮೇಲೆ ಬಿದ್ದಿತ್ತು.

"ಯಾವಾಗ?" ಎಂದೆ.

"ಅಮ್ಮ ಹೋದ ಮೂರನೇ ತಿಂಗಳು."

"ನಾಲ್ಕು ವರ್ಷ ನಾನು ಒಂದು ಚಪ್ಪಲಿ ಕೊಳ್ಳಲಿಲ್ಲ."

"ಗೊತ್ತಪ್ಪ."

"ದಿನಾ ನೋಡ್ತಾ ಇದ್ದೆಯಲ್ಲ ನೀನು."

"ಹೇಳೋಣ ಅಂತ ದಿನಾ ಬಾಯಿಗೆ ಬರೋದು. ನೀನು ಬೆಳಗ್ಗೆ ಎದ್ದು, ಅವಳ ಕೈ ಭದ್ರವಾಗಿದೆ ಅನ್ನೋ ಮುಖ ಇಟ್ಕೊಂಡು ಕೂತಿರ್ತಿದ್ದೆ. ಆಮೇಲೆ ಹೇಳೋಣ ಅಂದ್ಕೊಳ್ತಿದ್ದೆ."

"ಯಾವ ಸಾಮಾನಿಗೆ ಕೊಟ್ಟೆ ಅವಳನ್ನ?"

ಅವಳು ಕೈಯೆತ್ತಿ, ಆ ಬಿಳಿ ಕಿರುಬೆರಳಿನಿಂದಲೇ, ನನ್ನ ಕಿವಿಯನ್ನು ತೋರಿಸಿದಳು.

"ಶಿಬಿರ ಅಂದಿದ್ದೆಯಲ್ಲ ನೀನು."

"ಯಾವ ಶಿಬಿರವೂ ಇಲ್ಲ. ಐವತ್ತೆರಡು ಸಾವಿರ ಹೇಳಿದ್ದ. ನನ್ನ ಹತ್ರ ಹದಿನೆಂಟಿತ್ತು. ಶನಿವಾರ ನೀನು ಅರ್ಧಕ್ಕೇ ಎದ್ದು ಬಂದು ಗೋಡೆ ನೋಡ್ತಾ ಮಲಗಿದ್ದೆ."

ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗದಂಥ ಸಿಟ್ಟು. ಎಡಗೈಯಿಂದ ಆ ಯಂತ್ರವನ್ನು ಕಿತ್ತು ತೆಗೆದೆ. ಪ್ಲಾಸ್ಟಿಕ್ಕಿನ ಕರಕರ ನಿಂತಿತು. ಎಲ್ಲವೂ ನಿಂತಿತು. ಕಂಬಳಿಯ ಕೆಳಗೆ ಇದ್ದಷ್ಟೇ ನಿಶ್ಶಬ್ದ. ಅದು ನನ್ನ ಅಂಗೈಯಲ್ಲಿತ್ತು, ಹುರುಳಿಕಾಳಿನ ಬಣ್ಣದ ಸಣ್ಣ ಸಾಮಾನು. ಇಷ್ಟು ವರ್ಷದಲ್ಲಿ ನಾನು ಅದನ್ನು ಸರಿಯಾಗಿ ನೋಡಿರಲೇ ಇಲ್ಲ. ಅದು ಬೆಚ್ಚಗಿತ್ತು.

ಹೇಮಾ ಏನೋ ಹೇಳುತ್ತಿದ್ದಳು. ತುಟಿ ಆಡುತ್ತಿತ್ತು, ಕಣ್ಣು ಒರೆಸಿಕೊಳ್ಳುತ್ತಿದ್ದಳು, ಗಾಳಿಯಲ್ಲಿ ಬೆರಳು ಮಡಿಸಿ ಬಿಡಿಸಿ ತೋರಿಸುತ್ತಿದ್ದಳು. ಆಗಾಗ ತಡೆದು ನನ್ನ ಮುಖ ನೋಡುತ್ತಿದ್ದಳು. ನನ್ನಿಂದ ಏನೂ ಬಾರದಿದ್ದಾಗ ಒಬ್ಬಳೇ ಮುಂದುವರಿಸುತ್ತಿದ್ದಳು.

ನಾನು ಯಂತ್ರವನ್ನು ಮತ್ತೆ ಕಿವಿಗೆ ಇಟ್ಟುಕೊಂಡೆ. "ಏನಂದೆ?"

"ಅಮ್ಮನ ಕೈ ಹೇಗಿತ್ತು ಅಂತ ಹೇಳ್ತಿದ್ದೆ."

"ಮೊದಲಿನಿಂದ ಹೇಳು."

ಅವಳು ಮೂಗು ಒರೆಸಿಕೊಂಡಳು. "ಕಂಬಳಿ ಉಬ್ಬಿತು. ನಾನು ಕಣ್ಣು ಮುಚ್ಕೊಂಡಿದ್ದೆ. ಮೊದಲು ಹೆಬ್ಬೆರಳು ಸಿಕ್ಕಿತು, ಅದರಲ್ಲಿ ಆ ಗೆರೆ ಇತ್ತು..."

"ಹೂಂ" ಎಂದೆ.